ನನ್ನ ಬಾಯಿ ಹೆಣೆದ ರಗ್ಗು

ಕೆಲವರನ್ನು ಅವಮಾನ ಹುಡುಕಿಕೊಂಡು ಬರುತ್ತಂತೆ. ನನ್ನ ವಿಷಯದಲ್ಲಿ ಅದಕ್ಕೆ ಆ ತೊಂದರೆ ಇಲ್ಲ, ನಾನೇ ಆಟೋ ಮಾಡ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ. ಮಾಲೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಆಫೀಸಿಗೆ ಹೋಗಿಬರೋಳು ನಾನು. ವಯಸ್ಸು ಐವತ್ತು ದಾಟಿದೆ, ಬುದ್ಧಿ ಇನ್ನೂ ಪ್ಲಾಟ್‌ಫಾರಂ ಮೇಲೇ ನಿಂತಿದೆ. ಈ ಸಲದ್ದು ಒಂದು ರಗ್ಗಿನ ಕಥೆ. ನೆನೆಸಿಕೊಂಡರೆ ಈಗಲೂ ಸೆರಗಲ್ಲಿ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತೆ.

೧. ಸೀಮಂತದ ಪಂಕ್ತಿ

ಮಗಳ ಸೀಮಂತದ ದಿನ. ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಮುಳಬಾಗಿಲಿನವರು. ಮಾತಿನಲ್ಲಿ ಅರ್ಧ ತೆಲುಗು. ನಾನವರಿಗೆ ವದಿನಾ, ಅಂದರೆ ಅತ್ತಿಗೆ, ಅವರು ನನಗೂ ವದಿನಾನೇ. ಅವರ ಕೈ ಮುಟ್ಟಿದ್ದೆಲ್ಲ ಅಚ್ಚುಕಟ್ಟು. ಸೀರೆಗೆ ಕುಚ್ಚು ಕಟ್ತಾರೆ, ಕುಲಾವಿ ಹೆಣೀತಾರೆ, ಹಪ್ಪಳ ಒತ್ತಿದರೆ ಹುಣ್ಣಿಮೆ ಚಂದ್ರ. ನನ್ನ ಹಪ್ಪಳ ನೋಡಿದರೆ ನಮ್ಮನೆಯವರು ಇದು ಯಾವ ತಾಲ್ಲೂಕು ಅಂತ ಕೇಳ್ತಾರೆ.

ಊಟಕ್ಕೆ ಕೂತಾಗ ಬೀಗಿತ್ತಿ ಹೇಳಿದರು. "ವದಿನಾ, ತೊಟ್ಟಿಲು ಹಾಸಿಗೆ ತವರಿಂದ ಬರೋದು ಪದ್ಧತಿ, ಸರಿ. ಹೊದಿಕೆ ಮಾತ್ರ ನಾನು ಹೆಣ್ಕೊಂಡು ಬರ್ತೀನಿ. ನೀವು ಡ್ಯೂಟಿಗೆ ಹೋಗೋರು, ನಿಮಗೆಲ್ಲಿ ಪುರುಸೊತ್ತು."

ಅವರ ಮನಸ್ಸಲ್ಲಿ ಏನೂ ಇರಲಿಲ್ಲ. ಆದರೆ ಹಿಂದಿನ ದಿನ ತಾನೇ ಮೊಬೈಲಲ್ಲಿ ಒಂದು ವಿಡಿಯೋ ನೋಡಿದ್ದೆ. ಯಾವುದೋ ದೇಶದ ಹೆಂಗಸು, ಸೂಜಿ ಇಲ್ಲ, ಕಡ್ಡಿ ಇಲ್ಲ, ಹೆಬ್ಬೆರಳು ದಪ್ಪದ ಉಲ್ಲನ್ ನೂಲನ್ನು ಬರೀ ಕೈಯಲ್ಲೇ ಹೆಣೆದು, ಕಾಫಿ ಆರೋದರೊಳಗೆ ರಗ್ಗು ಮಾಡಿಬಿಟ್ಟಿದ್ದಳು. ನನ್ನ ಬಾಯಿ ತಾನಾಗಿ ತೆರೀತು. "ಬೇಡಿ ವದಿನಾ, ಮೊಮ್ಮಗೂಗೆ ಹೊದಿಕೆ ನಾನೇ ಹೆಣೀತೀನಿ. ನನ್ನ ಕೈಯಾರೆ."

ಪಂಕ್ತಿಯೆಲ್ಲ ತಿರುಗಿ ನೋಡಿತು. ಬೀಗಿತ್ತಿ "ನೀವಾ?" ಅಂದರು. ಅಷ್ಟೇ. ಆ ಒಂದು ಮಾತಿಗೆ ನಾನು ಸಿಕ್ಕಿಕೊಂಡೆ. ನಾಮಕರಣದ ದಿನ ತೊಟ್ಟಿಲಲ್ಲಿ ನನ್ನ ರಗ್ಗು ಇರದಿದ್ದರೆ ಮುಳಬಾಗಿಲವರ ಮುಂದೆ ನನ್ನ ಮಾನ ಮೂರು ಕಾಸಿಗೆ ಹೋಗೋದು ಖಾತ್ರಿ. ನಮ್ಮನೆಯವರು ಪಾಯಸ ಬಡಿಸೋ ನೆಪದಲ್ಲಿ ಬಗ್ಗಿ ಕಿವಿಯಲ್ಲಿ ಕೇಳಿದರು. "ನನ್ನ ಅಂಗಿ ಗುಂಡಿ ಕಿತ್ತೋದ್ರೆ ಟೈಲರ್ ಹತ್ರ ಕಳಿಸ್ತೀಯಲ್ಲೇ, ಯಾವ ಕೈಯಾರೆ?"

೨. ಬಿಳೀ ಮೂಟೆ

ನೂಲು ತರಿಸಿದೆ. ಒಂದು ಪೊಟ್ಟಣ ಬರುತ್ತೆ ಅಂದುಕೊಂಡರೆ ಮೂಟೆ ಬಂತು. ಬಿಚ್ಚಿದರೆ ವರಾಂಡ ತುಂಬ ಬೆಳ್ಳಗೆ ಹರಡಿಕೊಂಡಿತು. ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿದರು.

"ಏನಕ್ಕಾ, ಹಾಸಿಗೆ ಬಿಚ್ಚಿದ್ದೀರಾ? ಹತ್ತಿಯವನು ಬಂದಿದ್ದಾನಾ?"

ಇಲ್ಲಮ್ಮ, ರಗ್ಗು ಹೆಣೀತಿದೀನಿ ಅಂತ ಹೇಳಬಹುದಿತ್ತು. ಆದರೆ ಕೆಟ್ಟರೆ ಬೀದಿಗೆಲ್ಲ ಗೊತ್ತಾಗುತ್ತಲ್ಲ ಅಂತ ಹೆದರಿ, ಹೂಂ ಅಂದುಬಿಟ್ಟೆ. ಆಕೆ ಒಳಗೆ ಹೋಗಿ ಎರಡು ದಿಂಬು ತಂದು ಕೊಟ್ಟರು. ಚಪ್ಪಟೆಯಾಗಿ ದೋಸೆ ಹಾಗಿದ್ದವು. "ನಮ್ಮದಕ್ಕೂ ಒಂಚೂರು ತುಂಬಿಸಿಬಿಡಿ, ಪುಣ್ಯ ಬರುತ್ತೆ" ಅಂದರು. ಮಾರನೇ ದಿನ ನಮ್ಮನೆಯವರು ಆ ದಿಂಬುಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಹತ್ತಿ ತುಂಬೋನನ್ನ ಹುಡುಕುತ್ತ ಮಾಲೂರೆಲ್ಲ ಸುತ್ತಿದರು. ಬಂದವರು ನನ್ನ ಹತ್ತಿರ ಜಗಳ ಆಡಲಿಲ್ಲ. "ಇನ್ನೊಂದು ಸಲ ಸುಳ್ಳು ಹೇಳೋ ಹಾಗಿದ್ರೆ ಹಗುರವಾಗಿರೋದು ಹೇಳು" ಅಂದರು.

೩. ಹೂ ಕಟ್ಟಿದ ಕೈ

ಹೆಣಿಗೆ ಶುರು ಮಾಡಿದ್ದು ರೈಲಿನಲ್ಲಿ, ಹೆಂಗಸರ ಬೋಗಿಯಲ್ಲಿ. ವಿಡಿಯೋದಲ್ಲಿ ತೋರಿಸೋದು ಇಷ್ಟೇ. ಒಂದು ಕುಣಿಕೆ ಮಾಡು, ಅದರೊಳಗಿಂದ ಇನ್ನೊಂದು ಕುಣಿಕೆ ಎಳಿ, ಬಿಗಿಯಬೇಡ, ಹಾಗೇ ಬಿಡು. ಆ ಬಿಡೋದು ಮಾತ್ರ ನನ್ನ ಕೈಗೆ ಬರಲಿಲ್ಲ. ಚಿಕ್ಕಂದಿನಿಂದ ಕನಕಾಂಬರ ಕಟ್ಟಿದ ಬೆರಳು. ಎಳೆದದ್ದೇ ತಡ, ಸರಕ್ಕನೆ ಸುತ್ತಿ ಗಂಟು ಬಿಗೀತಿತ್ತು.

ನನಗದು ಗೊತ್ತೇ ಆಗಲಿಲ್ಲ. ಬೆಳೀತಿದೆ ಅನ್ನೋದೊಂದೇ ಸಂತೋಷ. ದಿನಾ ಜೊತೆಗೆ ಬರೋ ಹೆಂಗಸರೂ "ಎಷ್ಟು ಬೇಗ ಮಾಡ್ತೀರಕ್ಕ" ಅಂತ ಹೊಗಳಿದರು. ವೈಟ್‌ಫೀಲ್ಡ್ ದಾಟೋ ಹೊತ್ತಿಗೆ ಅದು ನನ್ನ ಮಡಿಲಿಂದ ಹೊರಟು ಎದುರು ಸೀಟಿನವರ ಮಡಿಲು ದಾಟಿ ಬಾಗಿಲ ಕಡೆ ಹೋಗಿತ್ತು. ಉದ್ದ ಬರ್ತಿದೆ, ಅಗಲ ಯಾವಾಗ ಬರುತ್ತೆ ಅಂತ ನಾನೂ ಕಾಯ್ತಾ ಇದ್ದೆ.

ಬುಟ್ಟಿ ಇಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದ ಹೂವಿನಾಕೆ ಅದರ ತುದಿ ಹಿಡಿದು, ಗಂಟು ಗಂಟನ್ನೂ ಉಗುರಲ್ಲಿ ಒತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ನಿಜವಾದ ಮೆಚ್ಚುಗೆಯಿಂದಲೇ ಕೇಳಿದಳು. "ಕಟ್ಟು ಬಲು ಚೆನ್ನಾಗಿದೆ ಕಣಕ್ಕ. ಹೂ ಯಾವಾಗ ಹಾಕ್ತೀರಾ?"

೪. ಪುತ್ತೂರು ಎಣ್ಣೆ

ಮಗಳಿಗೆ ಹೆಣ್ಣುಮಗು ಆಯ್ತು. ನಾನು ಬಾಣಂತನಕ್ಕೆ ರಜೆ ಹಾಕಿದೆ. ಆ ಗಂಟುಗಳನ್ನೆಲ್ಲ ಹಲ್ಲು ಹಾಕಿ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಬೇರೆ ವಿಡಿಯೋ. ಅದರಲ್ಲಿ ಕುಣಿಕೆಗಳನ್ನೆಲ್ಲ ಮೊಳಕೈವರೆಗೆ ಬಳೆ ಹಾಗೆ ಏರಿಸಿಕೊಂಡು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ಹೋಗಬೇಕು. ನಡುವೆ ಕೈ ತೆಗೆದರೆ ಎಲ್ಲ ಬಿಚ್ಚಿಹೋಗುತ್ತೆ. ಕುಕ್ಕರ್ ಕೂಗಿದರೂ ಏಳೋ ಹಾಗಿಲ್ಲ.

ಎರಡೂ ಕೈ ತುಂಬ ನೂಲಿದ್ದಾಗ ಬೀಗಿತ್ತಿಯ ವಿಡಿಯೋ ಕಾಲ್ ಬಂತು. ರಗ್ಗು ಮುಗೀತಾ ಬಂತು, ಅಂಚು ಒಂದೇ ಬಾಕಿ ಅಂತ ಹಿಂದಿನ ವಾರ ಅವರಿಗೆ ಹೇಳಿದ್ದೆ. ನಮ್ಮನೆಯವರು ಹಿಂದೆ ಮುಂದೆ ನೋಡದೆ ಫೋನೆತ್ತಿ ನನ್ನ ಮುಖಕ್ಕೆ ಹಿಡಿದರು.

"ಅಯ್ಯೋ ವದಿನಾ, ಏಮಾಯಿಂದಿ? ಎರಡೂ ಕೈಗೆ ಅಷ್ಟು ದಪ್ಪ ಕಟ್ಟು ಹಾಕಿದ್ದಾರಲ್ಲ?"

ಇನ್ನೂ ನಾಲ್ಕು ಸಾಲೂ ಆಗಿಲ್ಲ ಅಂತ ಹೇಗೆ ಹೇಳಲಿ? "ಬಚ್ಚಲಲ್ಲಿ ಜಾರಿಬಿಟ್ಟೆ ವದಿನಾ" ಅಂದೆ. ನಮ್ಮನೆಯವರು ಕಣ್ಣು ಮುಚ್ಚಿಕೊಂಡರು.

ಮಾರನೇ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಬೀಗಿತ್ತಿ ಹಾಜರ್. ಕೈಕಾಲಿಗೆ ಪೆಟ್ಟಾದರೆ ನಮ್ಮ ಕಡೆ ಎಲ್ಲರೂ ನಂಬೋದು ಆಂಧ್ರದ ಪುತ್ತೂರು ಕಟ್ಟನ್ನೇ. ಆ ಎಣ್ಣೆ ಸೀಸೆ, ಕಟ್ಟೋ ಬಟ್ಟೆ ಎಲ್ಲ ತಂದಿದ್ದರು. ಅವರು ಗೇಟಿನ ಹತ್ತಿರ ಇದ್ದಾಗ ನಾವು ಕುಣಿಕೆಗಳನ್ನೆಲ್ಲ ಲಟ್ಟಣಿಗೆಗೆ ದಾಟಿಸಿ ಮಂಚದ ಕೆಳಗೆ ತಳ್ಳಿದೆವು. ಹಳೇ ಕಟ್ಟು ಈಗ ತಾನೇ ಬಿಚ್ಚಿದೆ ಅಂದೆ. ಅವರು ಸೆರಗು ಸಿಕ್ಕಿಸಿ ಕೂತು ನನ್ನ ಕೈ ಎಳೆದು ತೀಡಿದ ರಭಸಕ್ಕೆ, ಇಲ್ಲದ ನೋವು ಬಂದುಬಿಡ್ತು. "ನೋಯುತ್ತಾ ವದಿನಾ?" ಅಂದರು. "ತುಂಬಾ" ಅಂದೆ. ಅವತ್ತು ನಾನಾಡಿದ ಒಂದೇ ನಿಜ ಅದು.

ಅಂಚು ನಾನು ಹಾಕ್ತೀನಿ ಕೊಡಿ ಅಂದಾಗ, ಜಾರಿದಾಗ ರಗ್ಗೂ ಬಚ್ಚಲ ನೀರಿಗೆ ಬಿದ್ದು ಹಾಳಾಯ್ತು ಅಂದೆ. ಆಮೇಲೆ ಅವರು ದನಿ ತಗ್ಗಿಸಿ ಹೇಳಿದರು. "ಈ ಕೈಲಿ ಇನ್ನು ಹೆಣೀಬೇಡಿ. ಹೊದಿಕೆ ನಾನು ತರ್ತೀನಿ. ನೀವು ಹೆಣೆದಿದ್ದು ಅಂತ್ಲೇ ಎಲ್ಲರಿಗೂ ಹೇಳ್ತೀನಿ. ನಿಮ್ಮ ಮಾತು ಬೀಳೋದು ಬೇಡ." ಅವರ ಕಣ್ಣಲ್ಲಿ ನೀರಿತ್ತು. ನನಗೆ ಮಂಚದ ಕೆಳಗೆ ಲಟ್ಟಣಿಗೆ ಪಕ್ಕದಲ್ಲಿ ಹೋಗಿ ಮಲಗಿಬಿಡೋಣ ಅನ್ನಿಸಿತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಎರಡೂ ಕೈ ಬಿಗಿದು ಕಟ್ಟಿ, ಅಡಿಗೆ ಮಾಡಿ, ನನಗೆ ತುತ್ತು ಮಾಡಿ ತಿನ್ನಿಸಿದರು. ಮಗಳು ಕೋಣೆಯಿಂದ ಕೇಳಿದಳು. "ಅಮ್ಮ, ಈ ಮನೇಲಿ ಬಾಣಂತಿ ನಾನೋ ನೀನೋ?"

೫. ತೊಟ್ಟಿಲು

ಅವರು ಊರಿಗೆ ಹೋದ ಮೇಲೆ ನನಗೆ ಹಟ ಬಂತು. ಕಟ್ಟು ಬಿಚ್ಚಿ ಎಸೆದು, ರಗ್ಗು ಹೆಣೆದು ಮುಗಿಸಿಯೇಬಿಟ್ಟೆ. ಒಂದು ಕಡೆ ಚಾಪೆಯಷ್ಟು ಅಗಲ, ಇನ್ನೊಂದು ಕಡೆ ಟವಲಿನಷ್ಟು. ನಡುವೆ ಕುಣಿಕೆ ಜಾರಿದ ಕಡೆ ಮಗುವೇ ನುಸುಳೋವಷ್ಟು ತೂತು. ಆದರೂ ಮುಗಿದಿತ್ತಲ್ಲ, ಎತ್ತಿ ನಮ್ಮನೆಯವರಿಗೆ ತೋರಿಸಿದೆ.

"ಚೆನ್ನಾಗಿದೆ. ಯಾವ ಕೈಲಿ ಹೆಣೆದೆ ಅಂತ ಹೇಳ್ತೀಯ?"

ಇದು ನನಗೆ ಹೊಳೆದೇ ಇರಲಿಲ್ಲ.

ನಾಮಕರಣದ ದಿನ ಮತ್ತೆ ಎರಡೂ ಕೈಗೆ ಕಟ್ಟು ಹಾಕಿಕೊಂಡು ನಿಂತೆ. ಬೀಗಿತ್ತಿ ಬೆಣ್ಣೆಯಂಥ ಹೊದಿಕೆ ತಂದು, "ನಮ್ಮ ವದಿನಾ ಪೆಟ್ಟಾಗೋ ಮುಂಚೆ ಹೆಣೆದಿದ್ದು" ಅಂತ ಎಲ್ಲರಿಗೂ ತೋರಿಸಿದರು. ಮುಳಬಾಗಿಲ ಹೆಂಗಸರು ಮುಟ್ಟಿ ಮುಟ್ಟಿ ಹೊಗಳಿದರು. ಒಂದೊಂದು ಹೊಗಳಿಕೆಗೂ ನಾನು ಒಂದೊಂದು ಗೇಣು ಭೂಮಿಗಿಳಿದೆ. ಅಷ್ಟರಲ್ಲಿ ಒಬ್ಬರು ಕೋಣೆಯಿಂದ ನನ್ನ ರಗ್ಗನ್ನು ಎರಡು ಬೆರಳಲ್ಲಿ ಹಿಡ್ಕೊಂಡು ಬಂದರು. "ಇದೇನಿದು?"

"ಬೆಂಗಳೂರಲ್ಲಿ ಕೊಂಡಿದ್ದು" ಅಂದೆ.

ಬೀಗಿತ್ತಿ ಅದನ್ನು ಅಗಲಿಸಿ ನೋಡಿದರು. "ಮೋಸ ಹೋಗಿದ್ದೀರ ವದಿನಾ. ಕೈ ಬಾರದೋರು ಯಾರೋ ಹೆಣೆದಿದ್ದಾರೆ." ಎಲ್ಲರೂ ತೂತಿಗೆ ಬೆರಳು ಹಾಕಿ ನಕ್ಕರು. ನಾನೂ ನಕ್ಕೆ. ಅಷ್ಟೇ ಅಲ್ಲ, "ದುಡ್ಡು ಈಸ್ಕೊಂಡು ಇಂಥದ್ದು ಮಾರೋಕೆ ಮಾನ ಬೇಡವಾ" ಅಂತ ಎಲ್ಲರಿಗಿಂತ ಜೋರಾಗಿ ಬೈದೆ.

ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ತೊಟ್ಟಿಲಲ್ಲಿ ಮಲಗಿಸಿ ತೂಗೋದು ನಮ್ಮಲ್ಲಿ ಶಾಸ್ತ್ರ. ಬೀಗಿತ್ತಿ ನನ್ನ ರಗ್ಗನ್ನು ಅದಕ್ಕೇ ಸುತ್ತಿಸಿದರು. "ಕಲ್ಲಿಗೇನು, ತೂತಿದ್ದರೂ ನಡೆಯುತ್ತೆ." ಹೆಂಗಸರೆಲ್ಲ ಸೇರಿ ಜೋಗುಳ ಹಾಡಿದರು. ಆಮೇಲೆ ಕಲ್ಲನ್ನೂ ರಗ್ಗನ್ನೂ ತೆಗೆದು, ಮಗುವನ್ನು ಮಲಗಿಸಿ, ನನ್ನ ಹೆಸರಿನ ಅವರ ಹೊದಿಕೆ ಹೊದಿಸಿದರು.

ಇನ್ನು ತಡೆಯೋಕೆ ಆಗಲಿಲ್ಲ. ಬೀಗಿತ್ತಿಯನ್ನು ಅಡಿಗೆಮನೆಗೆ ಕರ್ಕೊಂಡು ಹೋದೆ. ಎಲ್ಲ ಹೇಳಿಬಿಡೋಣ, ಅವರು ಏನಾದರೂ ಅನ್ನಲಿ ಅಂತ. "ವದಿನಾ, ಆ ಕಲ್ಲಿಗೆ ಸುತ್ತಿದ ರಗ್ಗು ಇದೆಯಲ್ಲ..." ಅಂದೆ. ಅಷ್ಟಕ್ಕೇ ಅಳು ಬಂದುಬಿಡ್ತು.

ಅವರು ಕಟ್ಟು ಹಾಕಿದ ನನ್ನ ಎರಡೂ ಕೈಗಳನ್ನು ಎದೆಗೊತ್ತಿಕೊಂಡರು. "ಅಳಬೇಡಿ ವದಿನಾ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ದೇವರಿಗೆ ಕಣ್ಣಿಲ್ಲ ನೋಡಿ. ಅಂಥ ರಗ್ಗು ಹೆಣೆದೋಳ ಕೈ ಎಲ್ಲೋ ಗಟ್ಟಿಮುಟ್ಟಾಗಿದೆ, ಪೆಟ್ಟು ಬಿದ್ದಿದ್ದು ಮಾತ್ರ ನಿಮ್ಮ ಕೈಗೆ."