ಟಿಣ್ ಟಿಣ್ ಟಿಣ್, ಮಧ್ಯೆ ಒಂದು ತುಂಡು ಬೆಲ್ಲ

ಒಂದು ಮಾತನ್ನು ಒಮ್ಮೆ ಕೇಳಿದರೆ ವಿಚಾರಣೆ, ಎರಡು ಸಲ ಕೇಳಿದರೆ ಉಪಚಾರ, ಮೂರನೇ ಸಲವೂ ಕೇಳಿದರೆ ಅನುಮಾನ. ಇದನ್ನು ನನಗೆ ಕಲಿಸಿದ್ದು ಕಂಪ್ಯೂಟರು. ನಗಬೇಡಿ ಮಕ್ಕಳೇ. ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ಬಾರ್ಕೂರಿನ ಹತ್ತಿರದ ಒಂದು ಹಾಲಿನ ಡೈರಿಗೆ ಕೆಲಸಕ್ಕೆ ಹೋಗುತ್ತಿದ್ದೆ. ನಾಲ್ಕು ಜನರೆದುರು ಬಾಯಿ ಬಿಡಲು ನಾಚುವವಳು ನಾನು. ಹಾಗಾಗಿ ಡೈರಿಗೆ ಕಂಪ್ಯೂಟರ್ ಬಂದು, ಹಾಲು ತಂದವರ ಹೆಸರು ಒತ್ತಿದೊಡನೆ "ಹಾಲು ಪರೀಕ್ಷೆ ಆಯಿತೇ?" ಎಂದು ಅದೇ ಟಿಣ್ಣೆಂದು ಕೇಳತೊಡಗಿದಾಗ ನನಗೆ ದೊಡ್ಡ ಉಪಕಾರವಾದಂತಾಯಿತು.

ಆದರೆ ಅದು ಒಮ್ಮೆ ಕೇಳಿ ಸುಮ್ಮನಾಗುವ ಜಾತಿಯದಲ್ಲ. ಟಿಣ್, ಟಿಣ್, ಟಿಣ್! ಪ್ರತಿಯೊಬ್ಬರಿಗೂ ಮೂರು ಸಲ. ಪಕ್ಕದ ಮನೆಯ ಗಿರಿಜಕ್ಕ ಕ್ಯಾನು ಕುಕ್ಕಿ ಪರದೆಯತ್ತ ಬಗ್ಗಿದಳು.

"ಹ್ವಾಯ್, ಎಂತ ಅದ್? ಮೂರ್ ಮೂರ್ ಸಲ ಕೇಂತ್? ನನ್ ಹಾಲಿಗ್ ನೀರ್ ಸೇರ್ಸಿದ್ದೆ ಅಂದೇಳಿಯಾ? ನಾಳಿಂದ ನಾ ಬತ್ತಿಲ್ಲೆ ಕಾಣ್!"

ಅಜ್ಜ ತೀರಿಕೊಂಡ ವರ್ಷವಿಡೀ ದಿನಾ ಸಂಜೆ ನನ್ನ ಜಗಲಿಗೆ ಬಂದು ಕೂತವಳು ಅವಳೊಬ್ಬಳೇ. ಹಾಲು ಹೋದರೆ ಹೋಯಿತು, ಗಿರಿಜಕ್ಕ ಹೋದರೆ?

ನನಗೆ ಬ್ರಹ್ಮಾವರದಲ್ಲಿ ಕಂಪ್ಯೂಟರ್ ಕಲಿಸಿದ ಸುಮನಾಗೆ ಫೋನು ಮಾಡಿದೆ. "ಆಂಟಿ, ಪರದೆಯಲ್ಲಿ ಸದಸ್ಯರ ಫಾರಂ ಒಳಗೆ ಹಾಲಿನ ಫಾರಂ ಇದೆಯಲ್ಲ, ಮೊದಲು ಒಳಗಿನದು ಕೇಳುತ್ತದೆ, ಆಮೇಲೆ ಹೊರಗಿನದು. ಹೊರಗೆ ಹೆಸರು ಬದಲಾಯಿತೆಂದು ಒಳಗಿನದು ಮತ್ತೊಮ್ಮೆ ಎಚ್ಚೆತ್ತು ಕೇಳುತ್ತದೆ," ಎಂದಳು.

ನನಗೆ ಥಟ್ಟನೆ ನಮ್ಮತ್ತೆಯ ಮನೆ ನೆನಪಾಯಿತು. ನೆಂಟರು ಬಂದರೆ ಕುಡಿಯಲು ಕೊಡುವ ಮೊದಲು ಅಡುಗೆಮನೆಯಿಂದ ಒಬ್ಬರು "ಆಸ್ರಿಗ್ ಎಂತ ಬೇಕ್?" ಎಂದು ಕೂಗುತ್ತಿದ್ದರು, ಜಗಲಿಯಿಂದ ಇನ್ನೊಬ್ಬರು, ಮತ್ತೆ ಅಡುಗೆಮನೆಯಿಂದ ಅವರೇ. ಬಾಯಾರಿ ಬಂದವರು ಉತ್ತರ ಹೇಳಿಯೇ ಇನ್ನಷ್ಟು ಬಾಯಾರುತ್ತಿದ್ದರು. ಅತ್ತೆ ಒಂದು ಕ್ರಮ ಮಾಡಿದರು: ಮೊದಲು ಕೇಳಿದವರು ನೆಂಟರೆದುರು ಬೆಲ್ಲ, ನೀರು ಇಡಬೇಕು. ಬೆಲ್ಲ ಕಂಡವರು ಬಾಯಿ ಮುಚ್ಚಬೇಕು.

ಸುಮನಾಗೆ ಇದನ್ನು ಹೇಳಿದೆ, ಕಂಪ್ಯೂಟರಿಗೂ ಅದೇ ಕ್ರಮ ಬರೆದೆವು. ಅವಳು ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ಟೈಪು ಮಾಡುತ್ತಾ ಹೋದೆ. ಬೆಲ್ಲ ಇದ್ದರೆ ಸುಮ್ಮನಿರು, ಇಲ್ಲದಿದ್ದರೆ ಬೆಲ್ಲ ಇಟ್ಟು ಕೇಳು. ಕೇಳಿ ಆಯಿತು ಎಂಬ ಗುರುತಿಗೆ 'ಬೆಲ್ಲ' ಎಂದೇ ಹೆಸರಿಟ್ಟೆವು.

ಮರುದಿನ ಸಾಲಿನಲ್ಲಿ ಮೊದಲಿದ್ದವರಿಗೆ ಒಂದೇ ಟಿಣ್. ನಾನು ಬೀಗಿದೆ. ಎರಡನೆಯವಳು ಗಿರಿಜಕ್ಕ. ಬರುವುದಿಲ್ಲ ಎಂದವಳು ಜಗಳ ಪೂರೈಸಲಾದರೂ ಬಂದಿದ್ದಳು. ಪರದೆ ಗಪ್‌ಚಿಪ್.

"ಅವ್ರಿಗ್ ಕೇಂಡ್ತ್, ನಂಗ್ ಕೇಂತಿಲ್ಯಾ? ನನ್ ಹಾಲ್ ಲೆಕ್ಕಕ್ಕೇ ಇಲ್ಯಾ?"

ಹೋದ ನೆಂಟರ ಬೆಲ್ಲವನ್ನು ನಾವು ತೆಗೆದೇ ಇರಲಿಲ್ಲ! ಹೊಸಬರು ಬಂದರೂ ಮನೆಯವರೆಲ್ಲ ಹಳೆಯ ಬೆಲ್ಲ ನೋಡಿಕೊಂಡು ಸುಮ್ಮನಿದ್ದರು. ಮುಂದಿನವರ ಹೆಸರು ಒತ್ತಿದೊಡನೆ ಮೊದಲು ಬೆಲ್ಲ ತೆಗೆ ಎಂದು ಒಂದು ಸಾಲು ಸೇರಿಸಿದ ಮೇಲೆ ಗಿರಿಜಕ್ಕನಿಗೂ ಸರಿಯಾಗಿ ಒಂದು ಟಿಣ್ ಸಿಕ್ಕಿತು. "ಹಾಂ, ಈಗ ಸಮ ಆಯ್ತ್. ಸಂಜಿಗ್ ಬತ್ತೆ," ಎಂದು ಹೋದಳು. ಸಂಜೆ ಬಂದಳು. ಅವಳೆದುರು ಬೆಲ್ಲವನ್ನೂ ನೀರನ್ನೂ ಇಟ್ಟೆ, ಏನೂ ಕೇಳಲಿಲ್ಲ.

ಮೊನ್ನೆ ಫೋನಿನಲ್ಲಿ ನಾನು "ಊಟ ಆಯ್ತಾ?" ಅಂದಾಗ ನೀವೆಲ್ಲ "ಅಮ್ಮಮ್ಮ, ಇದು ಮೂರನೇ ಸಲ!" ಎಂದು ಕಿರುಚಿದಿರಿ. ಕಂಪ್ಯೂಟರಿಗೆ ಬುದ್ಧಿ ಹೇಳಿದವಳಿಗೆ ತನ್ನ ಬಾಯಿಗೆ ಬೆಲ್ಲ ಇಟ್ಟುಕೊಳ್ಳಲು ಬರುವುದಿಲ್ಲವೇ? ಬರುತ್ತದೆ. ಆದರೆ ಮೂರನೆಯದು ಅನುಮಾನ ಎಂದು ಮೊದಲೇ ಹೇಳಿದೆನಲ್ಲ? ನಿಮ್ಮ ಮೇಲೆ ನನಗಿರುವುದು ಅದೇ. ನಿಜ ಹೇಳಿ, ಊಟ ಆಯ್ತಾ?