ಮಾವನವರ ಮೀಸೆ ಮತ್ತು ಬೂದು ಕಾರ್ಡು

ಫಿಲ್ಮಿನ ಮೇಲೆ ಒಂದೇ ಒಂದು ದೃಶ್ಯ ತೆಗೆದು ಸಿನಿಮಾ ನಿರ್ದೇಶಕರೊಬ್ಬರನ್ನು ಬೆರಗಾಗಿಸಿಬಿಡುತ್ತೇನೆ ಎಂದು ಹೊರಟವನು ನಾನು. ನಮ್ಮ ವಂಶದಲ್ಲೇ ಮೊದಲು ಪದವಿ ಕಂಡವನು. ಓದಿದ್ದೆಲ್ಲ ಆ ದೃಶ್ಯದಲ್ಲಿ ಕಾಣಬೇಕೆಂಬ ಹಟ. ಅವರಿಗೆ ಹಿಡಿಸಿದರೆ ಮುಂದಿನ ಚಿತ್ರಕ್ಕೆ ಕ್ಯಾಮೆರಾಮನ್ ನಾನೇ.

ದೃಶ್ಯ ಸರಳ. ಮುದುಕನೊಬ್ಬ ಕನ್ನಡಿಯ ಮುಂದೆ ಕೂತು ಮೀಸೆ ಬೋಳಿಸಿಕೊಳ್ಳುತ್ತಾನೆ. ಮೀಸೆ ನನ್ನ ಮಾವನವರದು. ಬೀದಿಯವರು ಅವರನ್ನು ಗುರುತಿಸುತ್ತಿದ್ದುದೇ ಆ ನರೆತ ಮೀಸೆಯಿಂದ, ಮುಖ ಆಮೇಲೆ.

"ಅಳಿಯಂದ್ರ ಕೆಲಸದ ವಿಷಯ ತಾನೇ, ಹೋದ್ರೆ ಹೋಗ್ಲಿ," ಎಂದು ಮಾವ ಕೂತೇಬಿಟ್ಟರು.

"ಒಂದೇ ಸಲ ಬೋಳಿಸೋಕಾಗೋದು ರೀ, ನೋಡ್ಕೊಂಡು ತೆಗೀರಿ," ಎಂದಳು ಹೆಂಡತಿ.

"ನನಗೇ ಹೇಳಿಕೊಡ್ತೀಯಾ?"

ಕಪ್ಪು ಗಾಢವಾಗಿ ಬರಲೆಂದು ಫಿಲ್ಮಿಗೆ ಬೇಕೆಂದೇ ಹೆಚ್ಚು ಬೆಳಕು ಉಣಿಸುವುದು ನನ್ನ ಉಪಾಯ. ಪ್ರಿಂಟ್ ಹಾಕುವಾಗ ಲ್ಯಾಬಿನವರು ಅದನ್ನು ಇಳಿಸುತ್ತಾರೆ. ಎಷ್ಟು ಇಳಿಸಬೇಕೆಂದು ಅವರಿಗೆ ತಿಳಿಸುವುದು ದೃಶ್ಯಕ್ಕೆ ಮೊದಲು ತೆಗೆಯುವ ಬೂದು ಬಣ್ಣದ ಕಾರ್ಡು. ನಾನು ಶಿಸ್ತಿನ ಮನುಷ್ಯ. ಕಾರ್ಡನ್ನು ಬೆಳಕಿನ ಮೀಟರ್ ಹೇಳಿದಂತೆ ಅಚ್ಚುಕಟ್ಟಾಗಿ ತೆಗೆದೆ. ಆಮೇಲೆ ಲೆನ್ಸಿನ ಕಿಂಡಿ ಹಿಗ್ಗಿಸಿ ಮಾವನವರನ್ನು ತೆಗೆದೆ.

ಪ್ರಿಂಟ್ ಬಂತು. ಬಿಳಿ ಗೋಡೆ, ಬಿಳಿ ಮುಖ, ಬಿಳಿ ನೊರೆ. ಹಾಲಿನಲ್ಲಿ ಬಿದ್ದ ಅನ್ನದ ಅಗುಳು ಹುಡುಕಿದಂತೆ ಮನೆಮಂದಿಯೆಲ್ಲ ಮೀಸೆ ಹುಡುಕಿದೆವು.

"ನನ್ನ ಮೀಸೆ ಎಲ್ಲಿ ಅಳಿಯಂದ್ರೇ?" ಎಂದರು ಮಾವ, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಪ್ಪ ಹಾಲು ತರೋಕೂ ಮುಖಕ್ಕೆ ಟವೆಲ್ ಸುತ್ಕೊಂಡು ಹೋಗ್ತಿದಾರೆ," ಎಂದಳು ಹೆಂಡತಿ. "ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಅವರ ಮೂಗಿನ ಕೆಳಗೆ ಅಂಟಿಸ್ಲಾ?"

ಅನ್ನ ಕಲಸುತ್ತ ತಟ್ಟೆಯ ಮುಂದೆ ತಲೆತಗ್ಗಿಸಿ ಕೂತಿದ್ದಾಗ ಹೊಳೆಯಿತು: ಕಾರ್ಡಿಗೊಂದು ಬೆಳಕು, ಮಾವನವರಿಗೊಂದು ಬೆಳಕು! ಕಾರ್ಡು "ಎಲ್ಲ ಸರಿಯಾಗಿದೆ" ಎಂದಿತು. ಲ್ಯಾಬಿನವರು ನಂಬಿ ಏನನ್ನೂ ಇಳಿಸಲಿಲ್ಲ. ಕಾರ್ಡಿಗೂ ಅಷ್ಟೇ ಹೆಚ್ಚು ಬೆಳಕು ಕೊಡಬೇಕಿತ್ತು. ಕೈಯನ್ನೂ ತೊಳೆಯದೆ ಲ್ಯಾಬಿಗೆ ಓಡಿ, "ಕಾರ್ಡಿನ ಮಾತು ಬಿಡಿ, ಮುಖ ನೋಡಿ ಇಳಿಸಿ" ಎಂದು ಬೇಡಿಕೊಂಡೆ. ಹೊಸ ಪ್ರಿಂಟಿನಲ್ಲಿ ಮೀಸೆಯ ಒಂದೊಂದು ಕೂದಲೂ ಎದ್ದು ನಿಂತಿತ್ತು.

ನಿರ್ದೇಶಕರು ನೋಡಿದರು. ಜೊತೆಗೆ ಬಂದಿದ್ದ ಮಾವನವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾನು ಹೊರಗೆ, ಬೆಂಚಿನ ಮೇಲೆ.

ಮಾವ ಹೊರಬಂದರು. "ನನಗೊಂದು ಪಾರ್ಟು ಕೊಟ್ಟಿದಾರೆ. ಮೀಸೆ ಬೆಳೆಯೋವರೆಗೂ ಕಾಯ್ತಾರಂತೆ."

"ಕ್ಯಾಮೆರಾ ಯಾರಿಗಂತೆ ಮಾವ?"

"ಅದನ್ನೂ ನನ್ನೇ ಕೇಳಿದ್ರು." ಬರಿದಾದ ತುಟಿಯ ಮೇಲೆ ಬೆರಳಾಡಿಸಿಕೊಂಡರು. "ಮನೆಯವರು ಮಾತ್ರ ಬೇಡ ಅಂದೆ."