ಮಾವನ ಕಾರಿಗೆ ಸೈಲೆನ್ಸರ್ ಕಟ್ಟಿದ್ದು

ನಮ್ಮ ಮಾವನಿಗೆ ಯಂತ್ರಗಳ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಆ ಸಂಗತಿ ಯಂತ್ರಗಳಿಗೆ ಮಾತ್ರ ಗೊತ್ತಿರಲಿಲ್ಲ, ಅಷ್ಟೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಕುದ್ರೋಳಿಯಲ್ಲಿ ಮನೆ, ಬಂದರಿನಲ್ಲಿ ಒಣಮೀನಿನ ವ್ಯಾಪಾರ. ನಾನು ಆಗಷ್ಟೇ ಗುಮಾಸ್ತಿಕೆಗೆ ಸೇರಿ ಅವರ ಮನೆಯಲ್ಲೇ ಇದ್ದೆ. ಅರವತ್ತರ ದಶಕದ ಆರಂಭ. ನಮ್ಮ ಓಣಿಯಲ್ಲಿ ಸೈಕಲ್ ಇದ್ದವನೇ ದೊಡ್ಡ ಮನುಷ್ಯ. ಅಂಥ ಕಾಲದಲ್ಲಿ ಮಾವ, ಊರು ಬಿಟ್ಟು ಹೊರಟಿದ್ದ ಹಂಚಿನ ಕಾರ್ಖಾನೆಯ ಮ್ಯಾನೇಜರರೊಬ್ಬರಿಂದ ಎರಡನೇ ಮಹಾಯುದ್ಧಕ್ಕೂ ಮೊದಲಿನ ಒಂದು ಇಂಗ್ಲಿಷ್ ಕಾರನ್ನು ಕೊಂಡುಬಿಟ್ಟರು. ತಲೆತಲಾಂತರದಿಂದ ಕಡಲಿಗಿಳಿದ ಮನೆತನ ನೋಡಿ, ಕಾರನ್ನೂ ದೋಣಿಯಂತೆಯೇ ನಡೆಸುತ್ತಿದ್ದರು. ಎದುರಿಗೆ ಸಿಕ್ಕಿದವರು ತಾವೇ ದಾರಿ ಬಿಡಬೇಕು. ಹಿಂದಿನದು ಕಾಣುವ ಕನ್ನಡಿಯನ್ನು ಅವರು ಬಿಚ್ಚಿ ತಮ್ಮ ಹೆಂಡತಿಗೆ, ಅಂದರೆ ನಮ್ಮ ಮಾಮಿಗೆ, ಕೊಟ್ಟಿದ್ದರು. "ನಾವು ಹೋಗುವುದು ಮುಂದಕ್ಕಲ್ವಾ? ಹಿಂದಿನದ್ದು ನೋಡಿ ಎಂತ ಮಾಡ್ಲಿಕ್ಕುಂಟು?"

ಹೀಗಿರುವಾಗ ಒಂದು ದಿನ ಬಾವುಟಗುಡ್ಡೆ ಹತ್ತುತ್ತಿದ್ದಾಗ ಕೆಳಗಿನಿಂದ ಢಣ್ ಎಂದು ದೊಡ್ಡ ಶಬ್ದವಾಯಿತು. ನಾನು ಪಕ್ಕದಲ್ಲೇ ಕೂತಿದ್ದೆ.

"ಮಾವ, ಎಂತದೋ ಬಿತ್ತು!"

"ಯಾರದ್ದೋ ಸಾಮಾನು ಬಿದ್ದಿರ್ಬೇಕು, ಪಾಪ" ಎಂದು ಮಾವ ಮರುಗಿ, ಮುಂದೆ ಹೋದರು.

ಬಿದ್ದದ್ದು ನಮ್ಮದೇ ಕಾರಿನ ಸೈಲೆನ್ಸರ್. ಹಿಂದಿರುಗಿ ಹುಡುಕುವಷ್ಟರಲ್ಲಿ ಅದು ಮಾಯವಾಗಿತ್ತು. ಅಲ್ಲಿಂದ ಮುಂದೆ ಕಾರು ಹೊರಟರೆ ತೆಂಗಿನ ಮರದ ಕಾಗೆಗಳೆಲ್ಲ ಎದ್ದು ಕಡಲಿನ ಕಡೆಗೆ ಹಾರುತ್ತಿದ್ದವು. ಮಾವ ಮಾತ್ರ ಹಾರ್ನ್ ಒತ್ತುವ ಕೆಲಸ ಉಳಿಯಿತೆಂದು ಸಂತೋಷದಲ್ಲಿದ್ದರು.

ಸಂತೋಷವಿಲ್ಲದ್ದು ಪಕ್ಕದ ಮನೆಯ ಬಾಯಮ್ಮನಿಗೆ. ನಿವೃತ್ತ ನರ್ಸು; ಅಕ್ಕನ ಜೊತೆ ವಾಸ. ಕೊಂಕಣಿ ಮನೆಮಾತಿನ ಕ್ರೈಸ್ತರಾದರೂ ನಮ್ಮೊಡನೆ ಚೆಂದದ ತುಳು ಮಾತನಾಡುತ್ತಿದ್ದರು. ದೂರು ಕೊಡುವಾಗ ಮಾತ್ರ ಕನ್ನಡ. ದೂರಿಗೆ ಒಂದು ತೂಕ ಬೇಡವೇ?

"ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಕಾರು ಹೊರಡುವಾಗ ನಮ್ಮ ಅಡಿಗೆಮನೆಯ ಪಾತ್ರೆಗಳು ನಡುಗುತ್ತವೆ" ಎಂದು ಅವರು ಗೋಡೆಯಾಚೆಯಿಂದ ಹೇಳಿದರು.

"ಪಾತ್ರೆ ಸ್ವಲ್ಪ ಭಾರದ್ದು ತಕ್ಕೊಳ್ಳಿ, ಬಾಯಮ್ಮ" ಎಂದರು ಮಾವ. ಕುಹಕವಲ್ಲ, ನಿಜವಾದ ಸಲಹೆ.

ಮೆಕ್ಯಾನಿಕ್ ಬಂದು ಕಾರಿನಡಿ ಬಗ್ಗಿ ನೋಡಿ, ಇದಕ್ಕೆ ಸರಿಯಾದ ಸೈಲೆನ್ಸರ್ ಮದರಾಸಿನಿಂದಲೇ ಬರಬೇಕು, ಎರಡು ಮೂರು ತಿಂಗಳಾದೀತು ಎಂದ. ಮಾವನಿಗೆ ನಗು ಬಂತು. ಎರಡೂ ಕಡೆ ತೂತಿರುವ ಒಂದು ಕೊಳವೆ, ಅದಕ್ಕೆ ಮದರಾಸು! ನೇರವಾಗಿ ಗುಜರಿ ಅಂಗಡಿಗೆ ಹೋದರು. ಅಲ್ಲಿಂದ ನಾವಿಬ್ಬರೂ ಹೊತ್ತು ತಂದದ್ದು ಹಲಸಿನ ಹಣ್ಣಿನಂತೆ ಹೊಟ್ಟೆ ಬಂದ, ತುಕ್ಕು ಹಿಡಿದ ಒಂದು ಸೈಲೆನ್ಸರ್.

"ಇದು ಲಾರಿದು, ಸಾಹುಕಾರ್ರೇ" ಎಂದು ಅಂಗಡಿಯ ಮಾಲೀಕ ಬ್ಯಾರಿಗಳು ಎಚ್ಚರಿಸಿಯೇ ಇದ್ದರು.

"ಲಾರಿಯ ಶಬ್ದವನ್ನೇ ನುಂಗುವಂಥದ್ದು. ಕಾರಿನದ್ದು ಎಂತ ಲೆಕ್ಕ?"

ಮಾತಿನಲ್ಲಿ ತಪ್ಪು ಹುಡುಕಿ ನೋಡೋಣ! ಬ್ಯಾರಿಗಳಿಗೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಕಾರಿನ ಹಿಂದಿನ ಚಕ್ರಗಳನ್ನು ಕೆಂಪುಕಲ್ಲುಗಳ ಮೇಲೆ ಏರಿಸಿದೆವು. ಮಾವ ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿದರು. ಗೇಣು ಹಾಕಿ ಅಳೆದರು, ಗರಗಸ ಕೇಳಿದರು, ಅರ್ಧ ದಿನ ಕೊಯ್ದರು. ಕೊಳವೆ ಒಂದು ಗೇಣು ಗಿಡ್ಡವಾಯಿತು.

"ಅಳತೆ ಸರಿ ಉಂಟು. ಕಾರೇ ಉದ್ದ" ಎಂದು ಕೆಳಗಿನಿಂದ ತೀರ್ಪು ಬಂತು.

ಆ ಒಂದು ಗೇಣಿಗಾಗಿ ಮಾಮಿ ಚಕ್ಕುಲಿ ತುಂಬಿಡುತ್ತಿದ್ದ ಬಿಸ್ಕತ್ತಿನ ಡಬ್ಬವನ್ನು ಕತ್ತರಿಸಿ, ಸುರುಳಿ ಸುತ್ತಿ, ತಂತಿ ಬಿಗಿದರು. ಚಕ್ಕುಲಿಯನ್ನು ಎಲ್ಲಿಡುವುದೆಂದು ಮಾಮಿ ಕೇಳಿದರು. ನಾನು ತಿಂದು ಸಮಸ್ಯೆ ಬಗೆಹರಿಸಿದೆ.

ಇನ್ನು ಇದನ್ನು ಕಾರಿಗೆ ತೂಗುಹಾಕಬೇಕಲ್ಲ? ಮೆಕ್ಯಾನಿಕ್ ಆಗಿದ್ದರೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ. ಮಾವ ಒಳಗಿನಿಂದ ದೋಣಿಯ ಹಗ್ಗ ತಂದರು.

"ಹಗ್ಗ ಸಾಕಾಗ್ತದಾ ಮಾವ?"

"ಅರಬ್ಬೀ ಸಮುದ್ರಕ್ಕೆ ತುಂಡು ಮಾಡ್ಲಿಕ್ಕೆ ಆಗದ ಹಗ್ಗ ಇದು" ಎಂದರು.

ನಿಜವೇ. ಆದರೆ ಅರಬ್ಬೀ ಸಮುದ್ರ ತಣ್ಣಗಿರುತ್ತದೆ, ಸೈಲೆನ್ಸರ್ ಕಾಯುತ್ತದೆ. ಈ ಸೂಕ್ಷ್ಮ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಪರೀಕ್ಷೆಗೆಂದು ಪಡೀಲಿನ ಕಡೆಗೆ ಹೊರಟೆವು. ಶಬ್ದ ಬದಲಾಗಿತ್ತು, ಇಲ್ಲವೆನ್ನಲಾರೆ. ಮೊದಲು ಕಾರು ಕಿರುಚುತ್ತಿತ್ತು, ಈಗ ಗದರುತ್ತಿತ್ತು. ಮಾವನ ಮುಖದಲ್ಲಿ ಗೆಲುವು ತುಂಬಿತ್ತು. ಪಡೀಲು ಇನ್ನೇನು ಬಂತು ಎನ್ನುವಾಗ ಹಗ್ಗ ಸುಟ್ಟ ವಾಸನೆ ಬಂತು. ಬೆನ್ನಿಗೇ ಢಣ್! ಈ ಸಲ ಬಿದ್ದದ್ದು ಯಾರದ್ದೆಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಕಾರು ನಿಲ್ಲಿಸಿ ಹಿಂದಕ್ಕೆ ಓಡಿದವರೇ, ನಾನು ಕೂಗುವ ಮೊದಲೇ, ಕಾದ ಸೈಲೆನ್ಸರನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಆ ಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ತುಳುವಿನಲ್ಲಿತ್ತು.

ಹೇಗೋ ಕಾರನ್ನು ಮನೆ ಮುಟ್ಟಿಸಿದೆವು. ಅಂಗೈಗಳೆರಡರಲ್ಲೂ ಬೊಬ್ಬೆ ಎದ್ದಿದ್ದವು. ಮಾಮಿಯ ಅಳು ಕೇಳಿ ಓಡಿ ಬಂದದ್ದು ಬಾಯಮ್ಮ. ಗಾಯ ತೊಳೆದರು, ಮುಲಾಮು ಹಚ್ಚಿದರು, ಬಟ್ಟೆ ಸುತ್ತಿದರು. ಮರುದಿನವೂ ಬಂದರು. ಅದರ ಮರುದಿನವೂ. ಕಾರು ಅಂಗಳದಲ್ಲಿ ನಿಂತಿತ್ತು. ಮಾವ ಮಗುವಿನಂತೆ ಎರಡೂ ಕೈ ಚಾಚಿ ಕೂರುತ್ತಿದ್ದರು.

ಹತ್ತನೆಯ ದಿನವಿರಬೇಕು. ಬಟ್ಟೆ ಬಿಚ್ಚುತ್ತಾ ಬಾಯಮ್ಮ ಮೆಲ್ಲಗೆ ಅಂದರು: "ಹೀಗೆ ಹೇಳಬಾರದು. ಆದರೆ ನಿಮ್ಮ ಕೈ ಸುಟ್ಟದ್ದರಿಂದ ನಮಗೆ ಉಪಕಾರ ಆಯ್ತು."

"ಎಂತ ಉಪಕಾರ?"

"ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ. ಎರಡು ವರ್ಷ ಆಯ್ತು. ರಾತ್ರಿಯಿಡೀ ನೋವು, ಬೆಳಗಾಗುವಾಗ ಕಣ್ಣು ಹತ್ತುವುದು. ಏಳು ಗಂಟೆಗೆ ನಿಮ್ಮ ಕಾರು... ಈಗ ಹತ್ತು ದಿನದಿಂದ ಒಂಬತ್ತರವರೆಗೆ ಮಲಗ್ತಾಳೆ."

 

ಅಂದು ಸಂಜೆಯೇ ಮಾವ ನನ್ನನ್ನು ಕರೆದುಕೊಂಡು ಮೆಕ್ಯಾನಿಕ್ಕನಲ್ಲಿಗೆ ನಡೆದರು. "ಮದರಾಸಿಗೆ ಬರಿ" ಎಂದರು. ಆತ ಬಾಯಿ ತೆರೆಯುವ ಮೊದಲೇ, "ನಗುವುದಾದ್ರೆ ಬರೆದ ಮೇಲೆ ನಗು" ಎಂದೂ ಹೇಳಿದರು.

ಸೈಲೆನ್ಸರ್ ಬರುವವರೆಗೆ? ಕೈ ವಾಸಿಯಾದ ಮೇಲೆ ಮಾವ ಹೊಸ ಪದ್ಧತಿ ತಂದರು. ಬೆಳಿಗ್ಗೆ ಕಾರನ್ನು ಶುರು ಮಾಡುವುದಿಲ್ಲ, ದೂಡುವುದು. ಅವರು ಹಿಂದಿನಿಂದ, ನಾನು ಬಾಗಿಲ ಪಕ್ಕದಲ್ಲಿ ಒಂದು ಕೈ ಸ್ಟಿಯರಿಂಗಿಗೆ ಕೊಟ್ಟುಕೊಂಡು. ನಮ್ಮ ಓಣಿ, ಅದರ ಮುಂದಿನ ರಸ್ತೆ, ಅದರಾಚೆಯ ತಿರುವು. ಅಲ್ಲಿಗೆ ಬಂದರಿನ ಅರ್ಧ ದಾರಿ ಮುಗಿದಿರುತ್ತಿತ್ತು! "ಕಾರು ಇದ್ದದ್ದಕ್ಕೆ ಎಷ್ಟು ಸುಖ ನೋಡಿ" ಎಂದು ಎದುರು ಮನೆಯವರು ನಗುತ್ತಿದ್ದರು. ಅದುವರೆಗೆ ಯಾರ ಮಾತಿಗೂ ಸೋಲದ ಮಾವ ಬೆವರು ಒರೆಸಿಕೊಂಡು ದೂಡುತ್ತಿದ್ದರು. ದೋಣಿಯ ಹಗ್ಗ ಎಳೆದ ಮನೆತನ, ಹಿಡಿದದ್ದನ್ನು ಬಿಡುವವರಲ್ಲ.

ಮದರಾಸಿನ ಪಾರ್ಸೆಲ್ ಬರುವ ಮೊದಲೇ ಬಾಯಮ್ಮನ ಅಕ್ಕ ತೀರಿಕೊಂಡರು. ಮಾವ ಬಿಳಿ ಪಂಚೆ ಉಟ್ಟು ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತರು. ಎಲ್ಲರೂ ಮೊಣಕಾಲೂರಿದಾಗ ತಾವೂ ಊರಿದರು. ಎಲ್ಲರೂ ಎದ್ದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

ಮರುದಿನ ಏಳು ಗಂಟೆಗೆ ನಾನು ಹೋಗಿ ಆರಾಮವಾಗಿ ಕಾರಿನೊಳಗೆ ಕೂತೆ. ಇನ್ನು ದೂಡುವ ಕೆಲಸವಿಲ್ಲವಲ್ಲ! ಮಾವ ಹಿಂದೆ ನಿಂತು ಕಾರಿನ ಬೆನ್ನು ತಟ್ಟಿದರು.

"ಇಳಿ."

"ಇನ್ನು ಎಂತಕ್ಕೆ ಮಾವ? ಅವರು ಹೋದ್ರಲ್ಲ."

ಮಾವ ಪಕ್ಕದ ಮನೆಯ ಮುಚ್ಚಿದ ಕಿಟಕಿಯ ಕಡೆ ನೋಡಿದರು. ದನಿ ತಗ್ಗಿಸಿ ಹೇಳಿದರು:

"ತಂಗಿ ಇದ್ದಾರಲ್ಲ. ಎರಡು ವರ್ಷದಿಂದ ಅವರು ಸರಿಯಾಗಿ ಕಣ್ಣು ಮುಚ್ಚಿದ್ದಾರಾ? ಮಲಗ್ಲಿ ಮಾರಾಯ."

ನಾನು ಇಳಿದೆ. ಬಾಗಿಲನ್ನು ಸದ್ದಾಗದಂತೆ ಹಾಕಿದೆ.